ಮಂಡಿನೋವಿನ ಮಾತ್ರೆ ಮರೆವನ್ನು ತಡೆಯುತ್ತದೆಯೇ?

72 ವರ್ಷದ ತಾಯಿಗೆ ಅಲ್ಝೈಮರ್ ಇದೆ ಎಂದು ತಿಳಿದ ಮೇಲೆ ಮಗ ಎರಡನೆಯ ಸಲ ಬಂದಾಗ ಕೇಳಿದರು: "ಡಾಕ್ಟರೇ, ಈ ಕಾಯಿಲೆಯಲ್ಲಿ ಮಿದುಳಿನಲ್ಲಿ ಉರಿಯೂತ ಇರುತ್ತದಂತೆ. ಅಮ್ಮನ ಮಂಡಿನೋವಿಗೆ ಕೊಡುತ್ತಿದ್ದ ಮಾತ್ರೆಯನ್ನೇ ದಿನವೂ ಕೊಡಬಹುದೇ?"

ಇದು ತೂಕದ ಪ್ರಶ್ನೆ. ಸಂಶೋಧಕರೂ ಇದನ್ನೇ ಕೇಳಿದ್ದರು. ಕೀಲುವಾತಕ್ಕೆಂದು ವರ್ಷಗಟ್ಟಲೆ ಉರಿಯೂತ ತಗ್ಗಿಸುವ ಮಾತ್ರೆ ನುಂಗಿದವರಲ್ಲಿ ಅಲ್ಝೈಮರ್ ಕಡಿಮೆ ಎಂದು 1990ರ ಸುಮಾರಿಗೆ ಕಂಡುಬಂದಿತ್ತು. 2001ರಲ್ಲಿ ಅಮೆರಿಕದಲ್ಲಿ, ಮನೆತನದಲ್ಲಿ ಈ ಕಾಯಿಲೆ ಇದ್ದ, 70 ದಾಟಿದ ಸುಮಾರು 2,500 ಜನರ ಮೇಲೆ ನ್ಯಾಪ್ರೋಕ್ಸೆನ್ ಮತ್ತು ಸೆಲೆಕಾಕ್ಸಿಬ್ ಎಂಬ ಇಂಥ ಎರಡು ಮಾತ್ರೆಗಳ ಪರೀಕ್ಷೆ ಶುರುವಾಯಿತು. ಹೃದಯಕ್ಕೆ ತೊಂದರೆಯಾದೀತೆಂಬ ಆತಂಕದಿಂದ 2004ರಲ್ಲಿ ಮಾತ್ರೆ ಕೊಡುವುದನ್ನು ನಿಲ್ಲಿಸಿದರು. ಮಾತ್ರೆ ತೆಗೆದುಕೊಂಡವರಿಗೆ ಮರೆವಿನಿಂದ ರಕ್ಷಣೆಯೂ ಸಿಗಲಿಲ್ಲ.

ಕಾರಣ ತಿಳಿಯಬೇಕಾದರೆ ಊದಿದ ಮಂಡಿಯ ಚಿತ್ರವನ್ನು ಮನಸ್ಸಿನಿಂದ ತೆಗೆದುಹಾಕಬೇಕು. ಮಿದುಳಿನ ಈ ಉರಿಯೂತಕ್ಕೆ ನೋವಿಲ್ಲ, ಬಿಸಿಯಿಲ್ಲ. ಅಲ್ಲಿ ಕೆಲಸ ಮಾಡುವುದು ಮೈಕ್ರೋಗ್ಲಿಯಾ ಎಂಬ, ಮಿದುಳಿನಲ್ಲೇ ನೆಲೆಸಿರುವ ಕೋಶಗಳು. ಮರೆವು ಕಾಣಿಸಿಕೊಳ್ಳುವುದಕ್ಕೆ 15–20 ವರ್ಷ ಮೊದಲೇ ಅಮಿಲಾಯ್ಡ್ ಎಂಬ ಪ್ರೋಟೀನು ಗಂಟುಗಟ್ಟಲು ತೊಡಗುತ್ತದೆ. ಮೈಕ್ರೋಗ್ಲಿಯಾ ಆ ಗಂಟುಗಳನ್ನು ಸುತ್ತುವರಿದು, ಕೈಲಾದಷ್ಟು ನುಂಗಿ, ಉಳಿದದ್ದು ಹರಡದಂತೆ ಬೇಲಿ ಕಟ್ಟುತ್ತವೆ. ಟ್ರೆಮ್2 ಎಂಬ ಜೀನಿನ ದೋಷದಿಂದ ಈ ಕೆಲಸ ಕುಂಟುವವರಿಗೆ ಅಲ್ಝೈಮರ್ ಅಪಾಯ ಹೆಚ್ಚು ಎಂದು 2013ರಲ್ಲಿ ತಿಳಿಯಿತು. ಅಂದರೆ ಈ ಉರಿಯೂತದ ಒಂದು ಪಾಲು ನಮ್ಮ ರಕ್ಷಣೆಯೇ.

ಇನ್ನೊಂದು ಪಾಲು ನನ್ನನ್ನು ಹೆಚ್ಚು ಕಾಡುತ್ತದೆ. ಮಗುವಿನ ಮಿದುಳು ಬೆಳೆಯುವಾಗ ಬೇಡದ ನರಸಂಧಿಗಳನ್ನು, ಅಂದರೆ ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ದಾಟಿಸುವ ಜಾಗಗಳನ್ನು, ಕತ್ತರಿಸಿ ಒಪ್ಪಮಾಡುವುದೂ ಇದೇ ಮೈಕ್ರೋಗ್ಲಿಯಾ. ಕತ್ತರಿಸಬೇಕಾದ ಸಂಧಿಗೆ ರೋಗನಿರೋಧಕ ವ್ಯವಸ್ಥೆಯ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳು ಗುರುತು ಹಾಕುತ್ತವೆ. ಅಲ್ಝೈಮರ್ ಮಾದರಿಯ ಇಲಿಗಳಲ್ಲಿ, ಅಮಿಲಾಯ್ಡ್ ಗಂಟುಗಳು ಇನ್ನೂ ಮೂಡದಿರುವಾಗಲೇ ಈ ಗುರುತು ಮತ್ತೆ ಬೀಳುತ್ತದೆ, ಚೆನ್ನಾಗಿರುವ ಸಂಧಿಗಳೂ ಹೋಗುತ್ತವೆ ಎಂದು 2016ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಮನುಷ್ಯರಲ್ಲಿ ನೆನಪು ಕುಗ್ಗುವುದಕ್ಕೆ ಗಂಟುಗಳ ಎಣಿಕೆಗಿಂತ ನರಸಂಧಿಗಳ ನಷ್ಟವೇ ಹತ್ತಿರದ ಅಳತೆ. ಕಾಯುವ ಕೋಶವೇ ಕತ್ತರಿಯನ್ನೂ ಹಿಡಿದಿರುವಾಗ, ಅದನ್ನು ಸಾರಾಸಗಟಾಗಿ ಅಡಗಿಸುವ ಮಾತ್ರೆಯಿಂದ ಏನನ್ನು ನಿರೀಕ್ಷಿಸುವುದು? ಯಾವ ಹಂತದಲ್ಲಿ, ಯಾವ ಕೆಲಸವನ್ನು ಮಾತ್ರ ತಡೆಯಬೇಕು ಎಂಬುದೇ ಈಗಿನ ಹುಡುಕಾಟ.

ಆ ಮಗನಿಗೆ "ಬೇಡ" ಎಂದೆ. ಈ ವಯಸ್ಸಿನಲ್ಲಿ ದಿನವೂ ಆ ಮಾತ್ರೆ ನುಂಗಿದರೆ ಹೊಟ್ಟೆಯಲ್ಲಿ ರಕ್ತಸ್ರಾವವಾಗಬಹುದು. ಬಿಪಿ ಮಾತ್ರೆಯೂ ಜೊತೆಗಿದ್ದರೆ ಮೂತ್ರಪಿಂಡಕ್ಕೆ ಏಟು ಬೀಳಬಹುದು. ಅದರ ಬದಲು ಒಂದು ವಿಷಯವನ್ನು ಒತ್ತಿ ಹೇಳಿದೆ: ಅಮ್ಮ ಎರಡು ಮೂರು ದಿನಗಳಲ್ಲಿ ದಿಢೀರನೆ ಗಲಿಬಿಲಿಗೊಂಡರೆ, ಇಡೀ ದಿನ ಮಂಪರಿನಲ್ಲಿದ್ದರೆ, ಮರೆವಿನ ಕಾಯಿಲೆ ಜಾಸ್ತಿಯಾಯಿತು ಎಂದುಕೊಂಡು ಸುಮ್ಮನಿರಬೇಡಿ. ಅಲ್ಝೈಮರ್ ಹಾಗೆ ದಿನಗಳ ಲೆಕ್ಕದಲ್ಲಿ ಏರುವುದಿಲ್ಲ. ಮೂತ್ರದ ಸೋಂಕೋ ನ್ಯುಮೋನಿಯಾವೋ ಇದ್ದೀತು. ಮೈಯ ಸೋಂಕಿನ ಸುದ್ದಿ ರಕ್ತದ ಮೂಲಕ ಮಿದುಳಿಗೂ ಮುಟ್ಟುತ್ತದೆ, ಮೊದಲೇ ಕೆರಳಿರುವ ಮೈಕ್ರೋಗ್ಲಿಯಾ ಇನ್ನಷ್ಟು ಕೆರಳುತ್ತವೆ.

ನಾಲ್ಕು ತಿಂಗಳ ನಂತರ ಹಾಗೆಯೇ ಆಯಿತು. ಮಗ ಎರಡನೆಯ ದಿನವೇ ಕರೆತಂದರು. ಮೂತ್ರದ ಸೋಂಕಿತ್ತು. ಚಿಕಿತ್ಸೆಯಾಗಿ ವಾರದೊಳಗೆ ಆ ತಾಯಿ ಮೊಮ್ಮಗಳನ್ನು ಮತ್ತೆ ಹೆಸರು ಹಿಡಿದು ಕರೆದರು. ಹಾಲಿನವನ ಲೆಕ್ಕವನ್ನು ಮಾತ್ರ ಆಮೇಲೆ ಸೊಸೆಯೇ ನೋಡಿಕೊಳ್ಳಬೇಕಾಯಿತು.