ಗಡ್ಡೆ ತೆಗೆಸುವ ಮುಂಚೆ ಎಎಂಹೆಚ್ ನೋಡಿದ್ದೀರಾ?

ಮುಂಬಯಿಯ ಮಾಟುಂಗದ ನನ್ನ ಕ್ಲಿನಿಕ್ಕಿಗೆ ಡೊಂಬಿವಲಿ, ಮುಲುಂಡ್ ಕಡೆಯಿಂದ ಬರುವ ನಮ್ಮೂರ ಹೆಣ್ಣುಮಕ್ಕಳು ಕೂರುವ ಮುಂಚೆಯೇ ಕೇಳುತ್ತಾರೆ, "ಡಾಕ್ಟ್ರೇ, ಗಡ್ಡೆ ತೆಗೆಸಿಬಿಟ್ಟರೆ ಮಗು ಆಗುತ್ತೆ ಅಲ್ವಾ?" ಪಕ್ಕದಲ್ಲಿ ಅತ್ತೆಯವರು ಹೌದೆಂದು ತಲೆ ಆಡಿಸುತ್ತಿರುತ್ತಾರೆ.

ಎಂಡೋಮೆಟ್ರಿಯೋಸಿಸ್ ಎಂಬ ಕಾಯಿಲೆಯಲ್ಲಿ ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆಲ್ಲೋ ಬೆಳೆಯುತ್ತದೆ. ಅಂಡಾಶಯದಲ್ಲಿ ಬೆಳೆದರೆ ಅಲ್ಲೇ ರಕ್ತ ಒಸರಿ, ಹೊರಗೆ ಹೋಗಲು ದಾರಿಯಿಲ್ಲದೆ ಹಳತಾಗಿ, ಕಂದು ಬಣ್ಣಕ್ಕೆ ತಿರುಗುತ್ತದೆ. ಇದೇ ಚಾಕೊಲೇಟ್ ಸಿಸ್ಟ್, ಇವರು ಗಡ್ಡೆ ಎನ್ನುವುದು ಇದನ್ನೇ. ಇದರ ಗೋಡೆ ಅಂಡಾಶಯಕ್ಕೆ ಅಂಟಿಕೊಂಡಿರುತ್ತದೆ. ಮಾವಿನ ಸಿಪ್ಪೆ ಹೆರೆಯುವಾಗ ತಿರುಳೂ ಬರುವ ಹಾಗೆ, ಸಿಸ್ಟ್ ಸುಲಿಯುವಾಗ ಒಳ್ಳೆ ಅಂಡಾಣುಗಳೂ ಹೋಗುತ್ತವೆ. ಎರಡೂ ಕಡೆ ಸಿಸ್ಟ್ ಇದ್ದರೆ, ಅಥವಾ ಎರಡನೇ ಸಲ ಆಪರೇಷನ್ ಆದರೆ, ನಷ್ಟ ಇನ್ನೂ ಜಾಸ್ತಿ.

ಅದಕ್ಕೇ ನಾನು ಮೊದಲು ವಯಸ್ಸು ಕೇಳುತ್ತೇನೆ, ಎಎಂಹೆಚ್ ನೋಡುತ್ತೇನೆ, ಅಂದರೆ ಅಂಡಾಶಯದಲ್ಲಿ ಅಂಡಾಣು ಎಷ್ಟು ಉಳಿದಿರಬಹುದು ಎಂದು ಅಂದಾಜು ಕೊಡುವ ರಕ್ತಪರೀಕ್ಷೆ. ಆಮೇಲೆ ಗಂಡನ ವೀರ್ಯದ ರಿಪೋರ್ಟ್. ಹೆಂಡತಿಯ ಫೈಲ್ ಎರಡು ಇಂಚು ದಪ್ಪ ಇರುತ್ತದೆ, ಗಂಡನದು ಒಂದು ಹಾಳೆಯೂ ಇರುವುದಿಲ್ಲ. ಇದು ನನಗೆ ಇವತ್ತಿಗೂ ಸಿಟ್ಟು ತರಿಸುವ ವಿಷಯ.

ಕಳೆದ ಮಳೆಗಾಲದಲ್ಲಿ ಬಂದವಳಿಗೆ 36 ವಯಸ್ಸು. ಒಂದು ಸಲ ಬೇರೆಲ್ಲೋ ಆಪರೇಷನ್ ಆಗಿತ್ತು, ಸಿಸ್ಟ್ ಮತ್ತೆ ಬಂದಿತ್ತು, 3 ಸೆಂ.ಮೀ., ಎಎಂಹೆಚ್ ಬರೀ 0.9. ನೇರ ಐವಿಎಫ್‌ಗೆ, ಅಂದರೆ ಸೂಜಿಯಿಂದ ಅಂಡಾಣು ತೆಗೆದು ಲ್ಯಾಬಿನಲ್ಲಿ ಭ್ರೂಣ ಮಾಡುವ ಚಿಕಿತ್ಸೆಗೆ, ಹೋಗೋಣ ಎಂದೆ. "ಗಡ್ಡೆ ಇದ್ದ ಹಾಗೇನಾ?" ಎಂದಳು. ಹೌದು, ಇದ್ದ ಹಾಗೇ. ಐವಿಎಫ್ ಫಲ ಹೆಚ್ಚಲಿ ಎಂಬ ಒಂದೇ ಕಾರಣಕ್ಕೆ ಮೊದಲು ಸಿಸ್ಟ್ ತೆಗೆಯುವುದನ್ನು ರೂಢಿ ಮಾಡಿಕೊಳ್ಳಬೇಡಿ ಎಂದು ಯುರೋಪಿನ ತಜ್ಞರ ಸಂಘದ 2022ರ ಮಾರ್ಗಸೂಚಿಯೂ ಹೇಳುತ್ತದೆ. ತಡೆಯಲಾರದ ನೋವಿದ್ದರೆ, ಸೂಜಿಗೆ ಅಂಡಾಣು ಸಿಗದ ಹಾಗೆ ಸಿಸ್ಟ್ ಅಡ್ಡ ಇದ್ದರೆ, ಸ್ಕ್ಯಾನ್‌ನಲ್ಲಿ ಕ್ಯಾನ್ಸರಿನ ಅನುಮಾನ ಬಂದರೆ, ಆಗ ಮಾತು ಬೇರೆ. ಟ್ಯೂಬಿನಲ್ಲಿ, ಅಂದರೆ ಗರ್ಭನಾಳದಲ್ಲಿ, ನೀರು ತುಂಬಿ ಊದಿಕೊಂಡಿದ್ದರೂ ಅದನ್ನು ಮೊದಲು ಸರಿಮಾಡಲೇಬೇಕು.

ಹಾಗಂತ ಲ್ಯಾಪರೋಸ್ಕೋಪಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸಿ ಮಾಡುವ ಆಪರೇಷನ್, ದಂಡ ಎನ್ನುತ್ತಿಲ್ಲ. 28ರ ಹುಡುಗಿ, ಕಾಯಿಲೆ ಅಲ್ಪ, ಟ್ಯೂಬು ತೆರೆದಿದೆ, ಗಂಡನ ರಿಪೋರ್ಟ್ ಚೆನ್ನಾಗಿದೆ ಎಂದರೆ ನಾನೇ ಸಲಹೆ ಕೊಡುತ್ತೇನೆ. 1997ರಲ್ಲಿ ಕೆನಡಾದವರು ಇಂಥ 341 ಹೆಂಗಸರನ್ನು 36 ವಾರ ಗಮನಿಸಿದಾಗ, ಕಾಯಿಲೆಯ ಕಲೆಗಳನ್ನು ಸುಟ್ಟು ಅಥವಾ ಕತ್ತರಿಸಿ ತೆಗೆದವರಲ್ಲಿ ಸುಮಾರು 31% ಬಸಿರಾದರು, ಬರೀ ಒಳಗೆ ನೋಡಿ ಬಿಟ್ಟವರಲ್ಲಿ 18%. ಇಟಲಿಯ ಒಂದು ಚಿಕ್ಕ ಅಧ್ಯಯನದಲ್ಲಿ ಈ ಲಾಭ ಕಾಣಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಇನ್ನು ಮಗು ಬೇಕೆಂದು ಬಂದವರಿಗೆ ಸುಮ್ನೆ ಆರು ತಿಂಗಳು ಡೈನೊಜೆಸ್ಟ್ ಎಂಬ ಹಾರ್ಮೋನ್ ಮಾತ್ರೆ ಕೊಡುವುದು ನನಗೆ ಒಪ್ಪಿಗೆಯಿಲ್ಲ. ಅದು ನೋವಿಗೆ ಒಳ್ಳೆಯದು, ಆದರೆ ನುಂಗುವಷ್ಟು ದಿನ ಅಂಡಾಣು ಬಿಡುಗಡೆಯನ್ನೇ ತಡೆಯುತ್ತದೆ.

ಆ 36ರವಳು ಎದ್ದು ಹೋಗುವಾಗ ಬಾಗಿಲಲ್ಲಿ ನಿಂತಳು. "ಹಾಗಾದ್ರೆ ನನ್ನ ನೋವು?" ಐವಿಎಫ್ ನೋವು ಕಳೆಯುವುದಿಲ್ಲ, ನಿಜ. ಮೊದಲು ಅಂಡಾಣು ತೆಗೆದು ಭ್ರೂಣಗಳನ್ನು ಫ್ರೀಜ್ ಮಾಡಿಡೋಣ, ಆಮೇಲೂ ನೋವು ಕಾಡಿದರೆ ಆಪರೇಷನ್‌ಗೆ ಹೆದರಬೇಕಿಲ್ಲ ಎಂದೆ. ಅವಳು ವಾಪಸ್ ಬಂದು ಕೂತು ತಾರೀಖು ಕೇಳಿದಳು.