ತೊಳೆದು ಕಳಿಸಲೋ, ಹಾಗೇ ಕಳಿಸಲೋ? ರಾಣಿ ರೂಪಾಯಿ, ಗ್ರೇಡಿಂಗ್ ಮತ್ತು ರಿಜಿಸ್ಟ್ರಿ

ಪ್ರಶ್ನೆ: ಅಜ್ಜಿಯ ಪೆಟ್ಟಿಗೆಯಲ್ಲಿ ವಿಕ್ಟೋರಿಯಾ ರಾಣಿ ಛಾಪಿನ ಹದಿನಾಲ್ಕು ಕಲ್ದಾರ ಬೆಳ್ಳಿ ರೂಪಾಯಿ ಸಿಕ್ಕಿವೆ. 1862ರಿಂದ 1901ರವರೆಗಿನವು, ಎಲ್ಲ ಕಪ್ಪಾಗಿವೆ. ಗ್ರೇಡಿಂಗ್ ಮಾಡಿಸಿ ರಿಜಿಸ್ಟ್ರಿಗೆ ಸೇರಿಸಬೇಕೆಂದಿದ್ದೇನೆ. ಹುಣಸೆಹಣ್ಣು ಹಚ್ಚಿ ತೊಳೆದು ಕಳಿಸಬೇಕೋ, ಹಾಗೇ ಕಳಿಸಬೇಕೋ? (ಹಾವೇರಿಯ ಓದುಗರೊಬ್ಬರು)

ತೊಳೆಯಬೇಡಿ. ಉತ್ತರ ಇಷ್ಟೇ. ಆದರೆ ದೀಪಾವಳಿ ಹತ್ತಿರ ಬಂದಂತೆಲ್ಲ ಇದೇ ಪ್ರಶ್ನೆ ವೇಷ ಬದಲಿಸಿಕೊಂಡು ಬರುತ್ತದೆ. ಒಮ್ಮೆ ಹುಣಸೆಹಣ್ಣು, ಒಮ್ಮೆ ಟೂತ್‌ಪೇಸ್ಟ್, ಒಮ್ಮೆ ವಿಭೂತಿ, ಒಮ್ಮೆ ಲಿಂಬೆ ಮತ್ತು ಉಪ್ಪು. ‘ಬೇಡ’ ಎಂದಷ್ಟೇ ಹೇಳಿದರೆ ಯಾರೂ ಕೇಳುವುದಿಲ್ಲ ಎಂದು ಈಗ ಗೊತ್ತಾಗಿದೆ. ಈ ಸಲ ಯಾಕೆ ಬೇಡ ಎನ್ನುವುದನ್ನೇ ಬಿಡಿಸಿ ಹೇಳುತ್ತೇನೆ.

ಮೊದಲು ರಿಜಿಸ್ಟ್ರಿಯ ಮಾತು ಮುಗಿಸೋಣ. 1986ರಲ್ಲಿ ಶುರುವಾದ ಪಿಸಿಜಿಎಸ್, 1987ರಲ್ಲಿ ಶುರುವಾದ ಎನ್‌ಜಿಸಿ, ಇವೆರಡೂ ಅಮೆರಿಕದ ಗ್ರೇಡಿಂಗ್ ಕಂಪನಿಗಳು. ನಾಣ್ಯ ಅಸಲಿಯೋ ಎಂದು ನೋಡಿ, 1ರಿಂದ 70ರವರೆಗೆ ಅಂಕ ಕೊಟ್ಟು, ನಂಬರ್ ಇರುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕೊಡುತ್ತವೆ. ಆ ಡಬ್ಬಿಗೆ ಸ್ಲ್ಯಾಬ್ ಎನ್ನುತ್ತಾರೆ. ಒಂದು ಸರಣಿಯ ಸ್ಲ್ಯಾಬ್‌ಗಳನ್ನು ಇಸವಿವಾರು ಜೋಡಿಸಿ, ಅವುಗಳ ನಂಬರನ್ನು ಕಂಪನಿಯ ರಿಜಿಸ್ಟ್ರಿಯಲ್ಲಿ ನಮೂದಿಸಿದರೆ ಅಂಕ ಸೇರುತ್ತ ಹೋಗುತ್ತದೆ. ನಾಣ್ಯ ಎಷ್ಟು ಅಪರೂಪವೋ ಅದರ ತೂಕ ಅಷ್ಟು ಹೆಚ್ಚು. ಖಾಲಿ ಜಾಗಕ್ಕೆ ಸೊನ್ನೆ. ಒಂದು ನಾಣ್ಯ ಒಂದು ಕಾಲಕ್ಕೆ ಒಬ್ಬರ ಸೆಟ್‌ನಲ್ಲಿ ಮಾತ್ರ ಇರಬಹುದು. ಪಿಸಿಜಿಎಸ್‌ನ ರಿಜಿಸ್ಟ್ರಿಗೆ ಅದರದೇ ಸ್ಲ್ಯಾಬ್ ಬೇಕು. ರಿಜಿಸ್ಟ್ರಿ ಎಂದರೆ ಸಂಗ್ರಾಹಕರ ನಡುವಿನ ಪೈಪೋಟಿ. ಅಲ್ಲಿ ಕೊಳ್ಳುವುದು, ಮಾರುವುದು ನಡೆಯುವುದಿಲ್ಲ, ಅಲ್ಲಿಯ ಸ್ಥಾನ ನಿಮ್ಮ ನಾಣ್ಯದ ದರವೂ ಅಲ್ಲ.

ಈಗ ತೊಳೆಯುವ ಮಾತು. ಕಪ್ಪಾದ ಬೆಳ್ಳಿಯನ್ನು ತಿಕ್ಕಿ ಬೆಳಗಿದರೆ ಬೆಲೆ ಏರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಹುಟ್ಟಿದ್ದು ದೇವರ ಸಾಮಾನಿನಿಂದ. ಸಮೆ, ತಂಬಿಗೆ, ಆರತಿ ತಟ್ಟೆ ಬೆಳಗಿದಷ್ಟೂ ಚೆಂದ, ಅವುಗಳ ಬೆಲೆಯೂ ತೂಕದಲ್ಲೇ ಇದೆ. ಹುಬ್ಬಳ್ಳಿಯ ಸರಾಫಗಟ್ಟಿಯಲ್ಲಿ ರಾಣಿ ರೂಪಾಯಿಯನ್ನು ತಕ್ಕಡಿಗೆ ಹಾಕಿದರೂ ಲೆಕ್ಕ ಅದೇ: ಮೂಲ ತೂಕ 11.66 ಗ್ರಾಂ, ಬೆಳ್ಳಿ ಸಾವಿರಕ್ಕೆ 917 ಪಾಲು, ಅಂದರೆ ಸುಮಾರು 10.69 ಗ್ರಾಂ ಶುದ್ಧ ಬೆಳ್ಳಿ. ಕಪ್ಪಗಿರಲಿ, ಬೆಳ್ಳಗಿರಲಿ, ಬೆಳ್ಳಿಯ ರೇಟು ಒಂದೇ. ಸಂಗ್ರಾಹಕ ಅದಕ್ಕಿಂತ ಹೆಚ್ಚು ಕೊಡುವ ಪ್ರತಿ ರೂಪಾಯಿಯೂ ನಾಣ್ಯದ ಮೈಗೆ ಕೊಡುವ ರೂಪಾಯಿ.

ಆ ಮೈ ಆಗುವುದು ಹೀಗೆ. ಟಂಕಸಾಲೆಯಲ್ಲಿ ಅಚ್ಚು ಬಡಿದಾಗ ಬೆಳ್ಳಿ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಹರಿದ ಜಾಡು ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳಾಗಿ ಉಳಿಯುತ್ತದೆ. ಒಂದೇ ಬಲ್ಬಿನ ಕೆಳಗೆ ನಾಣ್ಯವನ್ನು ವಾಲಿಸಿ ತಿರುಗಿಸಿ ನೋಡಿ: ಬೆಳಕಿನ ಪಟ್ಟಿಯೊಂದು ಗಾಡಿ ಚಕ್ರದ ಅರೆಗಳಂತೆ ಸುತ್ತುತ್ತದೆ. ಅದನ್ನೇ ಲಸ್ಟರ್ ಎನ್ನುವುದು. ನೀವು ಪುಡಿ ಹಾಕಿ ತಿಕ್ಕಿದಾಗ ಹೋಗುವುದು ಕಪ್ಪೊಂದೇ ಅಲ್ಲ, ಈ ಗೆರೆಗಳೂ ಹೋಗುತ್ತವೆ. ಅವುಗಳ ಜಾಗದಲ್ಲಿ ನಿಮ್ಮ ಬೆರಳು ಓಡಿದ ದಿಕ್ಕಿನಲ್ಲಿ ಕೂದಲೆಳೆಯಂಥ ಗೀರು ಬೀಳುತ್ತವೆ. ಐದು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಸಾಕು, ಕಾಣುತ್ತವೆ. ಮೈ ಬಿಳಿ, ಅಕ್ಷರಗಳ ಸಂದಿಯಲ್ಲಿ ಮಾತ್ರ ಕಪ್ಪು ಉಳಿದಿದ್ದರೆ ಯಾರೋ ತಿಕ್ಕಿದ್ದಾರೆ ಎಂದೇ ತಿಳಿಯಿರಿ.

‘ತಿಕ್ಕುವುದಿಲ್ಲ, ನೆನೆಸಿಡುತ್ತೇನೆ’ ಎನ್ನುವವರಿಗೂ ಉತ್ತರವಿದೆ. ಹುಣಸೆಯ ಹುಳಿ ತಾಮ್ರದ ಕಿಲುಬನ್ನು ಕರಗಿಸುತ್ತದೆ, ಅದಕ್ಕೇ ತಾಮ್ರದ ತಂಬಿಗೆ ಹೊಳೆಯುತ್ತದೆ. ಬೆಳ್ಳಿಯ ಕಪ್ಪು ಬೇರೆ, ಅದು ಗಂಧಕ ಸೇರಿ ಆದ ಪದರ. ಹುಣಸೆಗೆ ಅದು ಹೆಚ್ಚೇನೂ ಬಗ್ಗುವುದಿಲ್ಲ, ಅಲ್ಲಿ ಕೆಲಸ ಮಾಡುವುದು ನಿಮ್ಮ ಹೆಬ್ಬೆರಳೇ. ಬೆಳ್ಳಿ ಬೆಳಗುವ ಡಿಪ್ ದ್ರಾವಣ ಆ ಪದರವನ್ನು ಕರಗಿಸುತ್ತದೆ ನಿಜ, ಜೊತೆಗೆ ಗೆರೆಗಳ ತುದಿಯನ್ನೂ ತಿನ್ನುತ್ತದೆ. ಅಲ್ಯುಮಿನಿಯಂ ಹಾಳೆ, ಸೋಡಾ, ಬಿಸಿನೀರಿನ ಉಪಾಯದಲ್ಲಿ ಗೀರು ಬೀಳುವುದಿಲ್ಲ, ಆದರೆ ಮೈ ಜೀವವಿಲ್ಲದಂತೆ ಬಿಳಚಿಕೊಳ್ಳುತ್ತದೆ. ದಿನವೂ ನಾಣ್ಯ ನೋಡುವ ಗ್ರೇಡರ್‌ಗೆ ಇದೆಲ್ಲ ಕ್ಷಣದಲ್ಲಿ ತಿಳಿಯುತ್ತದೆ.

ಆಮೇಲೆ ಆಗುವುದೇನು? ನಾಣ್ಯ ಅಸಲಿ ಎಂದು ಬರೆದು, ಅಂಕ ಕೊಡದೆ, ‘ಡೀಟೇಲ್ಸ್, ಕ್ಲೀನ್ಡ್’ ಎಂದು ಚೀಟಿ ಹಾಕಿ ಕಳಿಸುತ್ತಾರೆ. ಪಿಸಿಜಿಎಸ್ ಇದಕ್ಕೆ 92 ಎಂಬ ಸಂಕೇತವನ್ನೇ ಇಟ್ಟಿದೆ. ಅಂಕವಿಲ್ಲದ ನಾಣ್ಯಕ್ಕೆ ರಿಜಿಸ್ಟ್ರಿಯ ಪೈಪೋಟಿಯಲ್ಲಿ ಜಾಗವಿಲ್ಲ. ಗ್ರೇಡಿಂಗ್ ಫೀ, ಸಾಗಣೆ ಖರ್ಚು ಕೊಟ್ಟು ತಂದುಕೊಂಡದ್ದು ಅಷ್ಟೇ. ಸರದಿಂದ ಕೊಂಡಿ ಬಿಡಿಸಿದ ಬೆಸುಗೆಯ ಗುರುತಿದ್ದರೂ ಗತಿ ಇದೇ, ನಮ್ಮ ಕಡೆ ಅಂಥವು ಬಹಳ.

ನಂಬಿಕೆ ಇನ್ನೂ ಅಲುಗದಿದ್ದರೆ ಇದನ್ನು ಕೇಳಿ. ಪಿಸಿಜಿಎಸ್‌ನಲ್ಲಿ ಲೋ ಬಾಲ್ ಎಂಬ ತಲೆಕೆಳಗಾದ ಪೈಪೋಟಿಯಿದೆ. ಅಲ್ಲಿ ಅತಿ ಹೆಚ್ಚು ಸವೆದ, ಗ್ರೇಡ್ 1ರ ನಾಣ್ಯವೇ ಗೆಲ್ಲುತ್ತದೆ. ಮುಖ ಅಳಿಸಿ, ಇಸವಿ ಮಾತ್ರ ಉಳಿದಂಥ ನಾಣ್ಯಕ್ಕೂ ಅಲ್ಲಿ ಗೌರವವಿದೆ, ಏಕೆಂದರೆ ಅದು ಸಂತೆ, ಕಿಸೆ, ಗಲ್ಲೆಗಳಲ್ಲಿ ತಾನಾಗಿ ಸವೆದದ್ದು. ತಿಕ್ಕಿ ಹಾಳಾದದ್ದಕ್ಕೆ ಅಲ್ಲಿಯೂ ಅಂಕ ಸಿಗದು.

ಹಾಗಾದರೆ ಏನೂ ಮಾಡಬಾರದೇ? ಒಂದನ್ನು ಮಾಡಬಹುದು. ಲಕ್ಷ್ಮೀ ಪೂಜೆಯ ಎಣ್ಣೆ, ಅರಿಷಿಣ, ಕುಂಕುಮ ಮೆತ್ತಿಕೊಂಡಿದ್ದರೆ ಶುದ್ಧ ಅಸಿಟೋನ್ ಬಳಸಿ. ಉಗುರುಬಣ್ಣ ಅಳಿಸುವ ಬಾಟಲಿ ಬೇಡ, ಅದರಲ್ಲಿ ಬಣ್ಣ, ಸುವಾಸನೆ ಸೇರಿರುತ್ತದೆ. ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಸಿಗುವುದು ಬೇಕು. ಗಾಜಿನ ಬಟ್ಟಲಿನಲ್ಲಿ ನಾಣ್ಯ ಮುಳುಗುವಷ್ಟು ಹಾಕಿ ಐದು ನಿಮಿಷ ಬಿಡಿ. ಕೆಲವು ಪ್ಲಾಸ್ಟಿಕ್ ಕರಗಿ ನಾಣ್ಯಕ್ಕೇ ಅಂಟುತ್ತದೆ, ಆದ್ದರಿಂದ ಗಾಜೇ ಆಗಬೇಕು. ಹೊಸ ಅಸಿಟೋನ್ ಇರುವ ಇನ್ನೊಂದು ಬಟ್ಟಲಿನಲ್ಲಿ ಅದ್ದಿ ತೆಗೆದು, ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆದು, ಮೆತ್ತನೆ ಹತ್ತಿ ಬಟ್ಟೆಯ ಮೇಲಿಟ್ಟು ಒತ್ತಿ. ಒರೆಸಬೇಡಿ. ಒಲೆ, ದೀಪ ಹತ್ತಿರ ಇರಬಾರದು, ಕಿಟಕಿ ತೆರೆದಿರಲಿ. ಅಸಿಟೋನ್ ಲೋಹವನ್ನು ಮುಟ್ಟುವುದಿಲ್ಲ, ಕಪ್ಪನ್ನೂ ತೆಗೆಯುವುದಿಲ್ಲ. ಕಪ್ಪು ಹಾಗೇ ಇರಲಿ. ಹಳದಿಯಿಂದ ಕೆಂಪು, ನೀಲಿ, ಕಪ್ಪು ಎಂದು ಸಮನಾಗಿ ಏರಿದ ಬಣ್ಣವನ್ನು ಟೋನಿಂಗ್ ಎನ್ನುತ್ತಾರೆ. ಅದಕ್ಕಾಗಿಯೇ ಹೆಚ್ಚು ಕೊಡುವವರಿದ್ದಾರೆ.

ಇಡುವಾಗ ಮೆತ್ತನೆಯ ಪಿವಿಸಿ ಆಲ್ಬಂ ಬೇಡ, ಕೆಲವು ವರ್ಷಗಳಲ್ಲಿ ಹಸಿರು ಅಂಟು ಬಿಡುತ್ತದೆ. ರಬ್ಬರ್ ಬ್ಯಾಂಡ್ ಸುತ್ತಬೇಡಿ, ಅದರಲ್ಲಿ ಗಂಧಕವಿದೆ. ಮೈಲಾರ್ ಎಂಬ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಚೌಕಟ್ಟು, ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇರಲಿ. ಧಾರವಾಡದ ಮಳೆಗಾಲಕ್ಕೆ ಆ ಪೊಟ್ಟಣವನ್ನು ಬದಲಿಸುತ್ತಲೇ ಇರಬೇಕು.

ನಿಮ್ಮ 1862ರ ನಾಣ್ಯಗಳನ್ನು ವಿಶೇಷವಾಗಿ ಜೋಪಾನ ಮಾಡಿ. 1874ರಲ್ಲಿ ಹೊಸ ಇಸವಿ ಬರುವ ತನಕ ರೂಪಾಯಿಯ ಮೇಲೆ 1862 ಎಂದೇ ಇರುತ್ತಿತ್ತು. ಬಾಂಬೆ ಟಂಕಸಾಲೆ ಇಸವಿಯ ಹತ್ತಿರ ಸಣ್ಣ ಚುಕ್ಕೆಗಳನ್ನು ಹಾಕಿ ವರ್ಷ ಗುರುತಿಸುತ್ತಿತ್ತು. ಆ ಚುಕ್ಕೆ ಎಣಿಸಿಯೇ ಸೆಟ್ ಕಟ್ಟುವುದು. ತಿಕ್ಕಿದರೆ ಮೊದಲು ಮಂಕಾಗುವುದೂ ಅವೇ.

ಯಾರೂ ಕೇಳದ ಒಂದು ಮಾತನ್ನೂ ಹೇಳಲೇಬೇಕು, ಯಾಕೆಂದರೆ ಇದು ಕಾನೂನಿನ ಮಾತು. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾವಸ್ತು. ಅದನ್ನು ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ. ನಿಮ್ಮ ಹದಿನಾಲ್ಕೂ ಆ ಲೆಕ್ಕಕ್ಕೆ ಬರುತ್ತವೆ. ಕೊರಿಯರ್‌ನಲ್ಲಿ ಅಮೆರಿಕಕ್ಕೆ ಕಳಿಸುವ ಯೋಚನೆ ಬಿಡಿ, ‘ನಾವು ಕಳಿಸಿಕೊಡುತ್ತೇವೆ’ ಎನ್ನುವವರನ್ನೂ ದೂರವಿಡಿ. ರಿಜಿಸ್ಟ್ರಿಯ ಹುಮ್ಮಸ್ಸಿದ್ದರೆ ಸ್ವಾತಂತ್ರ್ಯದ ನಂತರದ ನಾಣ್ಯ ಹಿಡಿಯಿರಿ: 1950ರ ಮೊದಲ ಸರಣಿ, 1964ರ ನೆಹರೂ ರೂಪಾಯಿ, ಗಾಂಧಿ ಜನ್ಮಶತಮಾನೋತ್ಸವಕ್ಕೆ 1969ರಲ್ಲಿ ಬಂದ 15 ಗ್ರಾಂ ತೂಕದ ಹತ್ತು ರೂಪಾಯಿಯ ಬೆಳ್ಳಿ ನಾಣ್ಯ.

ಇನ್ನು ಪೆಟ್ಟಿಗೆಯಲ್ಲಲ್ಲ, ಹೊಲದಲ್ಲಿ ಸಿಕ್ಕರೆ? ನಮ್ಮ ಸೀಮೆಯ ನೆಲ ಅಂಥದ್ದು. ಲಕ್ಕುಂಡಿ, ಅಂದಿನ ಲೊಕ್ಕಿಗುಂಡಿಯ ಟಂಕಸಾಲೆಯ ಲೊಕ್ಕಿ ಗದ್ಯಾಣ ಎಂಬ ಚಿನ್ನದ ನಾಣ್ಯ ಶಾಸನಗಳಲ್ಲೇ ಬರುತ್ತದೆ. ಟೀಪುವಿನ ನಾಣ್ಯಗಳಲ್ಲಿ ಧಾರವಾಡ ‘ಖುರ್ಷೀದ್ ಸವಾದ್’ ಎಂಬ ಟಂಕಸಾಲೆಯ ಹೆಸರಾಗಿ ಕಾಣುತ್ತದೆ. ನೆಲದಲ್ಲಿ ಹುದುಗಿದ್ದ ನಾಣ್ಯ ಸಿಕ್ಕರೆ ಅದು ನಿಧಿ, ಜಿಲ್ಲಾಧಿಕಾರಿಗೆ ತಿಳಿಸಬೇಕು. ಅದಕ್ಕಂತೂ ನೀರನ್ನೂ ಹಾಕಬೇಡಿ. ಮಣ್ಣಿನ ಹೆಂಟೆಯಲ್ಲಿ ಅಂಟಿಕೊಂಡಿದ್ದರೆ ಬಿಡಿಸದೆ, ಸಿಕ್ಕ ಜಾಗದ ಫೋಟೋ ತೆಗೆದು, ಹೆಂಟೆ ಸಮೇತ ಒಪ್ಪಿಸಿ. ಯಾವ ಆಳದಲ್ಲಿ, ಯಾವ ಮಡಕೆಯ ಚೂರಿನ ಜೊತೆ ಇತ್ತು ಎನ್ನುವುದು ಆ ಮಣ್ಣಿನಲ್ಲೇ ಇರುತ್ತದೆ.