ನೀರು ಹತ್ತದ ಗದ್ದೆ

"ಅಲ್ಲಾ ಡಾಕ್ಟ್ರೇ, ಮೆದ್ಲನ್ನೇ ಮಲಗಿಸ್‌ಬುಟ್ರೆ ಅದ್ರ ಐಬು ಎಂಗ್ ಗೊತ್ತಾಯ್ತದೆ?"

ಪಾಂಡವಪುರ ಕಡೆಯ ರೈತರೊಬ್ಬರು ಮೈಸೂರಿನ ನನ್ನ ಕ್ಲಿನಿಕ್ಕಿನಲ್ಲಿ ಕೇಳಿದ ಪ್ರಶ್ನೆ. ಎರಡು ಬಗೆಯ ಮಾತ್ರೆ ನುಂಗಿದರೂ ಮಗನ ಫಿಟ್ಸ್ ನಿಂತಿರಲಿಲ್ಲ. ಆಪರೇಷನ್ ಮಾಡಬಹುದೇ ಎಂದು ನೋಡುವ ಹಂತ. ಅರಿವಳಿಕೆ ಔಷಧ ಕೊಟ್ಟು ಇಇಜಿ, ಅಂದರೆ ಮೆದುಳಿನ ವಿದ್ಯುತ್ ಅಲೆಗಳ ಗ್ರಾಫ್, ತೆಗೆಯುವುದೂ ಉಂಟು ಎಂದು ನಾನು ಬಾಯಿ ಬಿಟ್ಟಿದ್ದೆ.

ಥಯೋಪೆಂಟಲ್‌ನಂಥ ಔಷಧವನ್ನು ಸ್ವಲ್ಪವೇ ಕೊಟ್ಟರೆ ಆರೋಗ್ಯವಂತ ಮೆದುಳು ಸುಮ್ಮನಾಗುವುದಿಲ್ಲ. ಸೆಕೆಂಡಿಗೆ 13ರಿಂದ 30 ಸಲ ಏರಿಳಿಯುವ ಬೀಟಾ ಅಲೆಗಳು ಗ್ರಾಫಿನಲ್ಲಿ ಒತ್ತೊತ್ತಾಗಿ ಏಳುತ್ತವೆ. ಗಾಯ, ಗಡ್ಡೆ ಇರುವ ಜಾಗಕ್ಕೆ ಆ ಶಕ್ತಿ ಇರುವುದಿಲ್ಲ. ಸುತ್ತಲಿನ ಗೆರೆಗಳೆಲ್ಲ ಕುಣಿಯುತ್ತಿದ್ದರೆ ಅಲ್ಲಿಯದು ಮಾತ್ರ ಸಪ್ಪೆ.

"ವಿಶ್ವೇಶ್ವರಯ್ಯ ನಾಲೇಲಿ ನೀರು ಬಿಟ್ಟ ಮೇಲೆ ತಾನೇ ಯಾವ ಗದ್ದೆಗೆ ನೀರು ಹತ್ತಿಲ್ಲ ಅಂತ ಗೊತ್ತಾಗೋದು?" ಎಂದೆ.

"ತೂಬು ಕಟ್ಕೊಂಡಿದ್ರೂ ಹತ್ತಾಕಿಲ್ಲ. ಗದ್ದೆದೇ ತಪ್ಪು ಅನ್ನಕಾಯ್ತದಾ?"

ನಮ್ಮ ಪಿಜಿ ವಿದ್ಯಾರ್ಥಿಗಳೂ ಇಷ್ಟು ಚುರುಕಾಗಿ ಕೇಳಿದ್ದು ಕಡಿಮೆ. ತಲೆಗೆ ಅಂಟಿಸುವ ಎರಡು ಎಲೆಕ್ಟ್ರೋಡಿನ ಪೇಸ್ಟ್ ಹರಡಿ ಒಂದಕ್ಕೊಂದು ಕೂಡಿಕೊಂಡರೂ ಗೆರೆ ಚಪ್ಪಟೆಯಾಗುತ್ತದೆ. ತಲೆಚಿಪ್ಪಿನ ಕೆಳಗೆ ರಕ್ತ ಕಟ್ಟಿದ್ದರೂ ಅಷ್ಟೇ. ಹಳೆಯ ಆಪರೇಷನ್ನಿನಿಂದ ತಲೆಬುರುಡೆಯಲ್ಲಿ ತೂತಿದ್ದರಂತೂ ಆ ಬದಿಯ ಅಲೆ ಎತ್ತರವಾಗಿ, ಸರಿಯಿರುವ ಇನ್ನೊಂದು ಬದಿಯೇ ಮಂಕಾಗಿ ಕಾಣುತ್ತದೆ. ನಾವು ಅಳೆಯುವುದು ಮೈಕ್ರೋವೋಲ್ಟ್‌ಗಳಲ್ಲಿ, ಅಂದರೆ ವೋಲ್ಟಿನ 10 ಲಕ್ಷದ ಒಂದೊಂದು ಪಾಲು. ಮೋಸ ಹೋಗಲು ಹೆಚ್ಚೇನೂ ಬೇಡ.

ಇನ್ನೊಂದು ದಾರಿ ಇದಕ್ಕೆ ತದ್ವಿರುದ್ಧ. ಮೆಥೊಹೆಕ್ಸಿಟಾಲ್ ಎಂಬ ಅರಿವಳಿಕೆ ಔಷಧ ಸಣ್ಣ ಪ್ರಮಾಣದಲ್ಲಿ ಫಿಟ್ಸ್‌ನ ಮೂಲವನ್ನೇ ಕೆಣಕುತ್ತದೆ, ಗ್ರಾಫಿನಲ್ಲಿ ಸ್ಪೈಕ್ ಎಂಬ ಚೂಪು ಮೊನೆಗಳು ಏಳುತ್ತವೆ. ಆಪರೇಷನ್ ಹೊತ್ತಿನಲ್ಲಿ ಮೆದುಳಿನ ಮೇಲೆಯೇ ಎಲೆಕ್ಟ್ರೋಡ್ ಇಟ್ಟು ಇದನ್ನು ನೋಡುತ್ತಾರೆ. ಆದರೆ ಕೆಣಕಿದಾಗ ಎದ್ದ ಸ್ಪೈಕನ್ನಷ್ಟೇ ನಂಬಿ ಕತ್ತರಿ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಎಂಆರ್‌ಐ ಮತ್ತು ವಿಡಿಯೋ ಇಇಜಿಯೂ ಅದೇ ಜಾಗ ತೋರಿಸಬೇಕು.

ಔಷಧದ ಆಯ್ಕೆಯಲ್ಲಿ ಎಡವಿದರೆ ಎಲ್ಲವೂ ನೀರುಪಾಲು. ಹಿಂದೊಮ್ಮೆ ಒಬ್ಬ ಹುಡುಗಿ ಗಾಬರಿಯಾಗದಿರಲೆಂದು ವಾರ್ಡಿನಲ್ಲೇ ಮಿಡಜೋಲಮ್ ಕೊಟ್ಟು ಕಳಿಸಿದ್ದರು. ಅದು ಸ್ಪೈಕ್‌ಗಳನ್ನು ಅಡಗಿಸುವ ಔಷಧ. ಒಂದು ಗಂಟೆ ಗ್ರಾಫ್ ಓಡಿಸಿದರೂ ಒಂದೂ ಸಿಗಲಿಲ್ಲ. ಚೀಟಿಯಲ್ಲಿ ಇಂಜೆಕ್ಷನ್ನಿನ ಹೆಸರೂ ಬರೆದಿರಲಿಲ್ಲ, ತಾಯಿ ಹೇಳಿದ ಮೇಲೆ ತಿಳಿಯಿತು.

ಆ ರೈತರ ಮಗನಿಗೆ ಸದ್ಯಕ್ಕೆ ಮಾಮೂಲಿ ಇಇಜಿಯನ್ನೇ ಮತ್ತೊಮ್ಮೆ ಬರೆದೆ. ಮಾತ್ರೆ ನೀವಾಗಿಯೇ ನಿಲ್ಲಿಸಬೇಡಿ, ತಲೆ ತೊಳೆಸಿ ಕರೆತನ್ನಿ ಎಂದೆ. ಹುಡುಗನ ಕೂದಲಿನಿಂದ ಹರಳೆಣ್ಣೆ ಕೆನ್ನೆಗಿಳಿಯುತ್ತಿತ್ತು.